ಹೊಲಮನೆಗಳ ಕಾಗದಪತ್ರ: ಕೊಪ್ಪಳ ಸೀಮೆಯ ಗೃಹಸ್ಥರಿಗೆ ನಾಲ್ಕು ಮಾತು

ನಮ್ಮ ಸೀಮೆಯ ಒಕ್ಕಲು ಮನೆತನಗಳಲ್ಲಿ ಬಂಗಾರವು ತಿಜೋರಿಯಲ್ಲಿರುವದು, ಬೀಜದ ಕಾಳು ಬೂದಿ ಬೆರೆಸಿದ ಗಡಿಗೆಯಲ್ಲಿ ಭದ್ರವಾಗಿರುವದು. ಆದರೆ ಇವೆರಡಕ್ಕೂ ತಾಯಿಬೇರಾದ ಭೂಮಿಯ ಕಾಗದಗಳು ಮಾತ್ರ ಅರಿವೆಯ ಗಂಟೊಂದರಲ್ಲಿ ಅಟ್ಟದ ಮೂಲೆಗೆ ಬಿದ್ದು, ಇಲಿ ಗೆದ್ದಲುಗಳ ದಯೆಯಲ್ಲಿ ಬದುಕಿಕೊಂಡಿರುವವು. ಈ ಗಂಟನ್ನು ನಾವು ಬಿಚ್ಚುವದು ಮೂರೇ ಪ್ರಸಂಗಗಳಲ್ಲಿ: ಬ್ಯಾಂಕಿನ ಸಾಲ ಬೇಕಾದಾಗ, ಮನೆಯ ಹಿರಿಯರು ತೀರಿಕೊಂಡಾಗ, ಇಲ್ಲವೆ ಅಣ್ಣತಮ್ಮಂದಿರಲ್ಲಿ ಮನಸ್ಸು ಮುರಿದಾಗ. ಈ ಮೂರೂ ಸಮಯಗಳಲ್ಲಿ ಮನಸ್ಸಿಗೆ ಸಮಾಧಾನವಿರುವದಿಲ್ಲ. ಕಾಗದವನ್ನು ಶಾಂತವಾಗಿ ಓದುವ ವ್ಯವಧಾನವಂತೂ ಮೊದಲೇ ಇರುವದಿಲ್ಲ. ಆದಕಾರಣ ಎಲ್ಲವೂ ಸುಖವಾಗಿರುವ ದಿನದಲ್ಲಿಯೇ ಈ ವಿಷಯವನ್ನು ತಿಳಿದುಕೊಳ್ಳುವದು ಲೇಸೆಂದು ಭಾವಿಸಿ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗಗಳ ಗೃಹಸ್ಥರಿಗೂ, ಅವರಿಗಿಂತ ಹೆಚ್ಚಾಗಿ ಗೃಹಿಣಿಯರಿಗೂ, ಉಪಯೋಗವಾಗಬಹುದಾದ ಕೆಲವು ಮಾತುಗಳನ್ನು ಇಲ್ಲಿ ಬರೆಯುತ್ತೇವೆ.

ಒಂದು ಮನೆಯ ಕಥೆ

ನಮ್ಮ ಬಳಗಕ್ಕೆ ಸೇರಿದ ಒಂದು ಮನೆಯಲ್ಲಿ ವೃದ್ಧೆಯೊಬ್ಬರು ಇದ್ದರು. ಅವರು ಪ್ರಾಯದಲ್ಲಿಯೇ ಗಂಡನನ್ನು ಕಳಕೊಂಡು, ತಮ್ಮ ಪಾಟ್ಲಿ ಬಿಲವಾರಗಳನ್ನು ಮಾರಿ, ಊರ ಪಕ್ಕದ ನಾಲ್ಕು ಎಕರೆ ಎರೆಹೊಲವನ್ನು ಕೊಂಡಿದ್ದರು. ಕೊಟ್ಟವನೂ ಊರವನೇ. ಛಾಪಾಕಾಗದದ ಮೇಲೆ ವ್ಯವಹಾರವನ್ನು ಬರೆದು, ಐದು ಮಂದಿ ಹಿರಿಯರ ಹೆಬ್ಬೆಟ್ಟು ಒತ್ತಿಸಿ, ತೆಂಗಿನಕಾಯಿ ಒಡೆದು ಹೊಲವನ್ನು ಬಿಟ್ಟುಕೊಟ್ಟನು. ತಾಲ್ಲೂಕಿನ ನೋಂದಣಿ ಕಛೇರಿಗೆ ಹೋಗುವ ಮಾತನ್ನು ಯಾರೂ ಎತ್ತಲಿಲ್ಲ. ಹೋಗಿ ಬರುವ ಖರ್ಚು ದಂಡವೆಂದು ಎಲ್ಲರಿಗೂ ಅನಿಸಿತು. ನಾಲ್ವತ್ತು ವರ್ಷ ಆ ಹೊಲದಲ್ಲಿ ಜೋಳ ಕಡಲೆ ಬೆಳೆದು ಮಕ್ಕಳು ದೊಡ್ಡವರಾದರು. ಕೊಟ್ಟವನೂ ಸತ್ತನು, ಸಾಕ್ಷಿ ಹಾಕಿದ ಐವರೂ ಸತ್ತರು. ಪಹಣಿಯಲ್ಲಿ ಮಾತ್ರ ಕೊಟ್ಟವನ ಹೆಸರೇ ಇದ್ದಿತು.

ಮುಂದೆ ಊರ ಪಕ್ಕದಲ್ಲಿ ದೊಡ್ಡ ರಸ್ತೆ ಬಂದಿತು, ಹೊಲದ ಬೆಲೆ ಹತ್ತು ಮಡಿಯಾಯಿತು. ಕೊಟ್ಟವನ ಮೊಮ್ಮಗನು ಪಹಣಿಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡು, ಬೇರೊಬ್ಬರೊಡನೆ ಮಾರಾಟದ ಮಾತನ್ನಾಡತೊಡಗಿದನು. ಈ ಸುದ್ದಿ ಬಂದಾಗ ಆ ತಾಯಿಯು ನಮ್ಮನ್ನು ಕರೆಯಿಸಿ, ಗಂಟಿನಿಂದ ಮಡಿಕೆ ಹರಿದ ಕಾಗದವನ್ನು ತೆಗೆದು ಮುಂದಿಟ್ಟು, “ತಮ್ಮಾ, ಐದು ಮಂದಿ ಹಿರೇರು ಹೆಬ್ಬಟ್ಟು ಒತ್ತ್ಯಾರ. ಈ ಕಾಗದ ಸುಳ್ಳ ಆದೀತೇನು?” ಎಂದು ಕೇಳಿದರು. ಕಾಗದವು ಸುಳ್ಳಾಗಿರಲಿಲ್ಲ. ಆದರೆ ಕಾನೂನಿನ ಕಣ್ಣಿಗೆ ಅದು ಕಾಣಿಸುವಂಥದಾಗಿರಲಿಲ್ಲ. ಈ ಎರಡು ಮಾತುಗಳ ನಡುವಿನ ಅಂತರವನ್ನು ಆ ಮುಖವನ್ನು ನೋಡುತ್ತ ವಿವರಿಸುವದು ನಮಗೆ ಬಹು ಕಷ್ಟವಾಯಿತು. ಆ ಹೊಲದ ಗತಿ ಏನಾಯಿತೆಂಬದನ್ನು ಕೊನೆಗೆ ಹೇಳುವೆವು. ಮೊದಲು ವಿಷಯವನ್ನು ಬುಡದಿಂದ ನೋಡೋಣ.

ಪೂರ್ವಕಾಲದ ದಾಖಲೆಗಳು

ಭೂಮಿಯ ವ್ಯವಹಾರವನ್ನು ಬರೆದಿಡುವ ಪದ್ಧತಿಯು ನಮ್ಮ ಸೀಮೆಗೆ ಹೊಸದಲ್ಲ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ೧೧೧೨ರಲ್ಲಿ ಕಟ್ಟಿಸಿದ ಇಟಗಿಯ ದೇವಾಲಯವು ನಮ್ಮಲ್ಲಿಯೇ ಇರುವದು. ಆ ಕಾಲದ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕಟ್ಟು ತಿಳಿದಿದೆ: ಕೊಟ್ಟವರಾರು, ಪಡೆದವರಾರು, ಭೂಮಿ ಎಷ್ಟು ಮತ್ತರು, ಮೂಡಣ ಪಡುವಣ ಎಲ್ಲೆಗಳು ಯಾವವು, ಸಾಕ್ಷಿಗಳಾರು, ಕೊನೆಗೆ ಅಳುಪಿದವರಿಗೆ ಶಾಪ. ಇಂದಿನ ಖರೀದಿಪತ್ರದಲ್ಲಿಯೂ ಇವೇ ಅಂಗಗಳಿರುವವು; ಶಾಪದ ಸ್ಥಾನದಲ್ಲಿ ಮಾತ್ರ ಕಾಯಿದೆಯು ಬಂದು ಕುಳಿತಿದೆ. ಕಲ್ಲಿನ ಮೇಲೆ ಎಲ್ಲರಿಗೂ ಕಾಣುವಂತೆ ಕೆತ್ತಿಸುತ್ತಿದ್ದುದರ ಉದ್ದೇಶವೂ, ಸರಕಾರದ ಪುಸ್ತಕದಲ್ಲಿ ಎಲ್ಲರೂ ನೋಡಬಹುದಾದಂತೆ ಬರೆಯಿಸುವದರ ಉದ್ದೇಶವೂ ಒಂದೇ. ಗುಟ್ಟಿನಲ್ಲಿ ನಡೆದ ವ್ಯವಹಾರವು ಮುಂದಿನವರಿಗೆ ಮೋಸವಾಗಬಾರದು, ಅಷ್ಟೆ.

ಹತ್ತಿರದ ಕಾಲಕ್ಕೆ ಬಂದರೆ, ೧೯೪೮ರ ಸೆಪ್ಟೆಂಬರ್ ವರೆಗೆ ಈ ನಾಲ್ಕೂ ತಾಲ್ಲೂಕುಗಳು ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದವು. ಅವುಗಳಲ್ಲಿ ಕೊಪ್ಪಳ ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರಿಗೆ ಸೇರಿದ್ದವು. ಗಂಗಾವತಿ ಕುಷ್ಟಗಿಗಳು ರಾಯಚೂರು ಜಿಲ್ಲೆಯ ಸರಕಾರಿ ತಾಲ್ಲೂಕುಗಳಾಗಿದ್ದವು. ೧೯೪೯ರಲ್ಲಿ ಜಹಗೀರುಗಳು ರದ್ದಾದವು. ೧೯೫೬ರ ನವೆಂಬರ್ ೧ರಂದು ನಮ್ಮ ಸೀಮೆಯು ಕನ್ನಡ ನಾಡಿನೊಳಗೆ ಕೂಡಿತು. ೧೯೯೭ರ ಆಗಸ್ಟ್ ೨೪ರಂದು ಕೊಪ್ಪಳವು ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ಇತ್ತೀಚಿನ ವರ್ಷಗಳಲ್ಲಿ ಕುಕನೂರು, ಕನಕಗಿರಿ, ಕಾರಟಗಿಗಳು ಬೇರೆ ತಾಲ್ಲೂಕುಗಳಾದವು.

ಈ ಇತಿಹಾಸವು ಪಂಡಿತರಿಗಷ್ಟೇ ಸಂಬಂಧಿಸಿದ್ದೆಂದು ತಿಳಿಯಬಾರದು. ನಮ್ಮ ಮುತ್ತಜ್ಜನ ಹೊಲದ ಕಾಗದವು ಯಾವ ಲಿಪಿಯಲ್ಲಿರುವದು, ಯಾವ ಊರಿನ ದಫ್ತರದಲ್ಲಿರುವದು ಎಂಬದು ಇದರ ಮೇಲೆಯೇ ನಿಂತಿದೆ. ನಿಜಾಮಶಾಹಿಯ ದಾಖಲೆಗಳು ಬಹುಶಃ ಉರ್ದುವಿನಲ್ಲಿರುವವು. ಅವುಗಳಲ್ಲಿ ಇಸವಿಯ ಬದಲು ಫಸಲಿ ವರ್ಷವಿರುವದು. ಫಸಲಿಗೆ ೫೯೦ ಕೂಡಿಸಿದರೆ ಸುಮಾರಾಗಿ ಇಸವಿ ದೊರೆಯುವದು. ಹೈದರಾಬಾದಿನ ಭೂಕಂದಾಯ ಕಾಯಿದೆಯು ೧೩೧೭ನೆಯ ಫಸಲಿಯದೆಂದರೆ ಸುಮಾರು ೧೯೦೭ರದೆಂದು ಅರ್ಥ. ಸರ್ವೇ ನಂಬರುಗಳ ಮೂಲ ಪಟ್ಟಿಯಾದ ಸೇತ್ವಾರ, ೧೯೫೪-೫೫ರ ಖಾಸರಾ ಪಹಣಿ, ಇವು ನಮ್ಮ ಭಾಗದ ಹಳೆಯ ಹಕ್ಕುಗಳಿಗೆ ಬಹು ಮುಖ್ಯವಾದ ಆಧಾರಗಳು. ಮನೆಯಲ್ಲಿ ಉರ್ದು ಕಾಗದವಿದ್ದರೆ ಓದಲು ಬಾರದೆಂದು ಒಲೆಗೆ ಹಾಕಬೇಡಿರಿ. ಊರಲ್ಲಿ ಉರ್ದು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರು ಇರುವಾಗಲೇ ಓದಿಸಿ, ಕನ್ನಡದಲ್ಲಿ ಬರೆದು, ಮೂಲದ ಜೊತೆಗೆ ಇಡಿರಿ.

ಅಂದು ಹಳ್ಳಿಯ ಲೆಕ್ಕವೆಲ್ಲ ವಂಶಪರಂಪರೆಯ ಕುಲಕರ್ಣಿಯ ಇಲ್ಲವೆ ಪಟವಾರಿಯ ಮನೆಯ ಪೆಟ್ಟಿಗೆಯಲ್ಲಿರುತ್ತಿತ್ತು. ೧೯೬೧ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯು ೧೯೬೩ರಲ್ಲಿ ಜಾರಿಗೆ ಬಂದ ಬಳಿಕ ಅದು ಸಂಬಳದ ತಲಾಠಿಯ ಕೈಗೆ ಹೋಯಿತು. ೨೦೦೦ನೆಯ ಇಸವಿಯ ಆಸುಪಾಸಿನಲ್ಲಿ ‘ಭೂಮಿ’ ಎಂಬ ಯೋಜನೆಯಿಂದ ರಾಜ್ಯದ ಸುಮಾರು ೨ ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಇಂದು ನಾಡಕಛೇರಿಯಲ್ಲಿ ಅಲ್ಪ ಶುಲ್ಕಕ್ಕೆ ಯಾರ ಹೊಲದ ಪಹಣಿಯನ್ನಾದರೂ ಯಾರಾದರೂ ಪಡೆಯಬಹುದು. ಇದು ದೊಡ್ಡ ಉಪಕಾರವೇ. ಆದರೆ ಕೈಬರಹದಲ್ಲಿದ್ದ ತಪ್ಪೂ ಯಂತ್ರದೊಳಗೆ ಹಾಗೆಯೇ ಹೋಗಿ ಕುಳಿತಿರಬಹುದೆಂಬದನ್ನು ಮರೆಯಬಾರದು.

ಎರಡು ಕಛೇರಿ, ಎರಡು ಕೆಲಸ

ನಮ್ಮ ಜನರ ಮುಖ್ಯವಾದ ಭ್ರಮೆಯೊಂದನ್ನು ಇಲ್ಲಿ ನಿವಾರಿಸಬೇಕಾಗಿದೆ. ಪಹಣಿಯಲ್ಲಿ ಹೆಸರು ಬಂದರೆ ಹೊಲ ನಮ್ಮದಾಯಿತೆಂದು ಕೆಲವರು ತಿಳಿಯುವರು. ಖರೀದಿಪತ್ರವಾದ ಮೇಲೆ ಪಹಣಿಯ ಗೊಡವೆ ಏತಕ್ಕೆಂದು ಮತ್ತೆ ಕೆಲವರು ತಿಳಿಯುವರು. ಎರಡೂ ತಪ್ಪು.

ತಹಶೀಲ್ದಾರರ ಕಛೇರಿಯು ಕಂದಾಯದ್ದು. ಅಲ್ಲಿಯ ಪಹಣಿಯಲ್ಲಿ ಬರೆದದ್ದು ಸುಳ್ಳೆಂದು ಸಿದ್ಧವಾಗುವ ವರೆಗೆ ನಿಜವೆಂದು ಹಿಡಿಯತಕ್ಕದ್ದೆಂದು ೧೯೬೪ರ ಭೂಕಂದಾಯ ಕಾಯಿದೆಯ ೧೩೩ನೆಯ ಕಲಮು ಹೇಳುವದು. ಅಂದರೆ ಪಹಣಿಯು ಬಲವಾದ ಸಾಕ್ಷಿ. ಆದರೆ ಅದೇ ಒಡೆತನವನ್ನು ಹುಟ್ಟಿಸುವದಿಲ್ಲ. ಉಪನೋಂದಣಾಧಿಕಾರಿಗಳ ಕಛೇರಿಯು ದಸ್ತೈವಜುಗಳದ್ದು. ನೂರು ರೂಪಾಯಿ ಮತ್ತು ಅದಕ್ಕೂ ಮೇಲ್ಪಟ್ಟ ಬೆಲೆಯ ಹೊಲಮನೆಗಳ ಮಾರಾಟವು ನೋಂದಾಯಿತ ಪತ್ರದಿಂದಲೇ ಆಗಬೇಕೆಂದು ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯು ವಿಧಿಸಿದೆ. ಹಾಗೆ ನೋಂದಾಯಿಸದ ಪತ್ರವು ಸ್ವತ್ತಿನ ಮೇಲೆ ಪರಿಣಾಮವನ್ನುಂಟುಮಾಡುವದಿಲ್ಲ, ಆ ವ್ಯವಹಾರಕ್ಕೆ ಸಾಕ್ಷಿಯಾಗಿಯೂ ಸ್ವೀಕರಿಸಲ್ಪಡುವದಿಲ್ಲವೆಂದು ೧೯೦೮ರ ನೋಂದಣಿ ಕಾಯಿದೆಯ ೪೯ನೆಯ ಕಲಮು ಹೇಳುವದು. ಮೇಲೆ ಹೇಳಿದ ತಾಯಿಯ ಐದು ಹೆಬ್ಬೆಟ್ಟುಗಳು ಬಡಿದದ್ದು ಈ ಗೋಡೆಗೇ.

ಆದುದರಿಂದ ಖರೀದಿಪತ್ರವು ಬೇರು, ಪಹಣಿಯು ಎಲೆ. ಬೇರಿಲ್ಲದ ಎಲೆ ಬಾಡುವದು. ಎಲೆಯಿಲ್ಲದ ಬೇರನ್ನು ದಾರಿಹೋಕರು ಗುರುತಿಸುವದಿಲ್ಲ.

ಪಹಣಿಯನ್ನು ಓದುವ ಬಗೆ

ಕೆಲವರು ಉತಾರವೆಂದು ಕರೆಯುವ ಈ ಕಾಗದವನ್ನು ಮನೆಯ ಪ್ರತಿಯೊಬ್ಬರೂ ಓದಲು ಕಲಿಯಬೇಕು. ಮೊದಲಲ್ಲಿ ಸರ್ವೇ ನಂಬರು, ಹಿಸ್ಸಾ ನಂಬರು, ಕ್ಷೇತ್ರ ಇರುವವು. ೪೦ ಗುಂಟೆಗೆ ಒಂದು ಎಕರೆ, ೧೬ ಆಣೆಗೆ ಒಂದು ಗುಂಟೆ. ಒಟ್ಟು ಕ್ಷೇತ್ರದಿಂದ ಖರಾಬನ್ನು ಕಳೆದು ಉಳಿದದ್ದೇ ಸಾಗುವಳಿಯ ಭೂಮಿ. ಖರಾಬಿನಲ್ಲಿ ‘ಅ’ ಎಂಬದು ಸಾಗುವಳಿಗೆ ಬಾರದ್ದು. ‘ಬ’ ಎಂಬದು ದಾರಿ, ಹಳ್ಳ ಮುಂತಾಗಿ ಸಾರ್ವಜನಿಕರಿಗೆ ಮೀಸಲಾದದ್ದು. ‘ಬ’ ಖರಾಬನ್ನು ಎಕರೆಯ ಲೆಕ್ಕದಲ್ಲಿ ಕೂಡಿಸಿ ಮಾರುವವರಿದ್ದಾರೆ, ಎಚ್ಚರವಿರಲಿ.

೯ನೆಯ ಕಾಲಮಿನಲ್ಲಿ ಒಡೆಯರ ಹೆಸರು. ೧೦ನೆಯದರಲ್ಲಿ ಭೂಮಿಯು ಅವರಿಗೆ ಹೇಗೆ ಬಂದಿತೆಂಬದು. ೧೧ನೆಯದರಲ್ಲಿ ಇತರ ಹಕ್ಕು ಮತ್ತು ಋಣಗಳು. ೧೨ನೆಯದರಲ್ಲಿ ಸಾಗುವಳಿ ಮಾಡುವವರು ಮತ್ತು ಬೆಳೆ. ಸಾಮಾನ್ಯರು ಹೆಸರನ್ನು ನೋಡಿ ಕಾಗದವನ್ನು ಮಡಚುವರು. ಜಾಣರು ೧೦ ಮತ್ತು ೧೧ನೆಯವನ್ನು ಮೊದಲು ನೋಡುವರು. ಏಕೆಂದರೆ ೧೦ನೆಯದರಲ್ಲಿರುವ ಮ್ಯುಟೇಶನ್ ನಂಬರನ್ನು ಹಿಡಿದುಕೊಂಡು ಹಿಂದೆ ಹೋದರೆ ಭೂಮಿಯ ವಂಶಾವಳಿಯೇ ತೆರೆಯುವದು. ೧೧ನೆಯದರಲ್ಲಿ ಸೊಸಾಯಿಟಿಯ ಇಲ್ಲವೆ ಬ್ಯಾಂಕಿನ ಸಾಲ, ನ್ಯಾಯಾಲಯದ ತಡೆ ಮುಂತಾದುವು ಹೊರಬೀಳುವವು.

ಹಳೆಯ ಪಹಣಿ, ಮ್ಯುಟೇಶನ್ ಪುಸ್ತಕ, ಖಾಸರಾ ಇವುಗಳ ನಕಲನ್ನು ತಾಲ್ಲೂಕು ಕಛೇರಿಯ ಅಭಿಲೇಖಾಲಯದಲ್ಲಿ ಅರ್ಜಿ ಕೊಟ್ಟು ಪಡೆಯಬೇಕು. ಹಳೆಯ ಕಾಗದಗಳು ಪುಡಿಯಾಗುತ್ತಿರುವದರಿಂದ ಅವುಗಳ ಪಡಿಯಚ್ಚುಗಳನ್ನು ಗಣಕಯಂತ್ರದಲ್ಲಿ ಸೇರಿಸುವ ‘ಭೂ ಸುರಕ್ಷಾ’ ಎಂಬ ಕೆಲಸವನ್ನು ಸರಕಾರವು ಕೈಕೊಂಡಿದೆ. ಹೊಸ ತಾಲ್ಲೂಕಿನವರು ಹಳೆಯ ತಾಲ್ಲೂಕಿನ ದಫ್ತರದಲ್ಲಿಯೂ, ಅಲ್ಲಿ ದೊರೆಯದಿದ್ದರೆ ೧೯೯೭ಕ್ಕೆ ಮೊದಲು ಜಿಲ್ಲೆಯ ಮುಖ್ಯಸ್ಥಳವಾಗಿದ್ದ ರಾಯಚೂರಿನಲ್ಲಿಯೂ ವಿಚಾರಿಸಿ ನೋಡುವದು ಒಳಿತು. ಹೊಲದ ಆಕಾರ, ಮೇರೆ, ಕಲ್ಲುಗಳ ಸ್ಥಾನ ತಿಳಿಯಬೇಕಾದರೆ ಭೂಮಾಪನ ಇಲಾಖೆಯ ಟಿಪ್ಪಣಿ ಮತ್ತು ಆಕಾರಬಂದುಗಳನ್ನು ಕೇಳಬೇಕು. ಪಹಣಿಯ ಕ್ಷೇತ್ರವೂ ಆಕಾರಬಂದಿನ ಕ್ಷೇತ್ರವೂ ತಾಳೆಯಾಗದಿದ್ದರೆ ಕೊಳ್ಳುವ ಮೊದಲೇ ಸರಿಪಡಿಸಿಕೊಳ್ಳಬೇಕು.

ಊರೊಳಗಿನ ಮನೆಗಳಿಗೆ ಪಹಣಿ ಇರುವದಿಲ್ಲ. ಗ್ರಾಮ ಪಂಚಾಯತಿಯ ಆಸ್ತಿಗಳಿಗೆ ‘ಇ-ಸ್ವತ್ತು’ವಿನ ನಮೂನೆಗಳು, ಪಟ್ಟಣದ ಆಸ್ತಿಗಳಿಗೆ ನಗರಸಭೆ ಪುರಸಭೆಗಳ ಖಾತೆ, ಇವೇ ಆಧಾರ. ತೆರಿಗೆಯ ರಸೀತಿಯೊಂದೇ ಒಡೆತನದ ಪುರಾವೆಯಲ್ಲ.

ನೋಂದಣಿ ಕಛೇರಿಯ ಪುಸ್ತಕಗಳು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಪಟ್ಟಣಗಳಲ್ಲಿ ಉಪನೋಂದಣಿ ಕಛೇರಿಗಳಿವೆ. ೧೯೦೮ರ ಕಾಯಿದೆಯ ಮೇರೆಗೆ ಅಲ್ಲಿ ಕೆಲವು ಪುಸ್ತಕಗಳನ್ನು ಇಡತಕ್ಕದ್ದಾಗಿದೆ. ೧ನೆಯ ಪುಸ್ತಕದಲ್ಲಿ ಸ್ಥಿರಸ್ವತ್ತಿನ ಪತ್ರಗಳು. ೨ನೆಯದರಲ್ಲಿ ನೋಂದಣಿಯನ್ನು ನಿರಾಕರಿಸಿದ ಕಾರಣಗಳು. ೩ನೆಯದರಲ್ಲಿ ಮೃತ್ಯುಪತ್ರ ಮತ್ತು ದತ್ತಕದ ಅಧಿಕಾರಪತ್ರಗಳು. ೪ನೆಯದರಲ್ಲಿ ಇತರ ಪತ್ರಗಳು. ಇವುಗಳಲ್ಲಿ ೧ ಮತ್ತು ೨ನೆಯ ಪುಸ್ತಕಗಳನ್ನೂ ೧ನೆಯದರ ಸೂಚಿಯನ್ನೂ ಶುಲ್ಕ ಕೊಟ್ಟ ಯಾರೇ ಆಗಲಿ ನೋಡಬಹುದು. ಇದು ಪ್ರಜೆಯ ಹಕ್ಕು. ಯಾರ ಕೃಪೆಯೂ ಅಲ್ಲ. ಮೃತ್ಯುಪತ್ರವು ಮಾತ್ರ ಹಾಗಲ್ಲ: ಬರೆದವರು ಬದುಕಿರುವ ವರೆಗೆ ಅದರ ನಕಲು ಅವರಿಗೂ ಅವರ ಮುಖತ್ಯಾರರಿಗೂ ಅಲ್ಲದೆ ಬೇರೆಯವರಿಗೆ ದೊರೆಯುವದಿಲ್ಲ.

ಹೊಲದ ಮೇಲೆ ಯಾವ ಯಾವ ವ್ಯವಹಾರಗಳು ನಡೆದಿವೆ ಎಂದು ತಿಳಿಯಲು ಋಣಭಾರ ಪತ್ರವನ್ನು ಕೇಳಬೇಕು. ಗಣಕಯಂತ್ರದ ‘ಕಾವೇರಿ’ ವ್ಯವಸ್ಥೆಯಲ್ಲಿ ಸುಮಾರು ೨೦೦೪ರಿಂದ ಈಚಿನವು ಸುಲಭವಾಗಿ ದೊರೆಯುವವು. ಅದಕ್ಕೂ ಹಿಂದಿನವುಗಳಿಗೆ ಕಛೇರಿಯ ಕೈಬರಹದ ಸೂಚಿಗಳನ್ನೇ ಹುಡುಕಿಸಬೇಕು. ಮೂವತ್ತು ವರ್ಷಗಳಷ್ಟನ್ನಾದರೂ ಹುಡುಕಿಸುವದು ಕ್ಷೇಮ. ಈ ಪತ್ರದಲ್ಲಿ ನೋಂದಾಯಿತ ವ್ಯವಹಾರಗಳು ಮಾತ್ರ ಬರುವವು. ನೋಂದಣಿಯಿಲ್ಲದೆ ಬಾಯಿಮಾತಿನಿಂದ ಆದ ಪಾಲು, ತಂಗಿಯ ಹಕ್ಕು, ನಡೆಯುತ್ತಿರುವ ವ್ಯಾಜ್ಯ ಇವು ಅದರಲ್ಲಿ ಕಾಣಲಾರವು. ಆದಕಾರಣ ಕಾಗದವನ್ನು ನೋಡಿದ ಬಳಿಕ ಊರಿಗೆ ಹೋಗಿ, ಬದುವಿನ ನೆರೆಯವರನ್ನು ಕೇಳಿ, ಹೊಲದಲ್ಲಿ ನಿಂತು ನೋಡುವದು ಎಂದಿಗೂ ತಪ್ಪಬಾರದು.

ನೋಂದಣಿಯ ಕ್ರಮ

ಮೊದಲು ಪತ್ರವನ್ನು ಬಲ್ಲವರಿಂದ ಬರೆಯಿಸಬೇಕು. ಚಕ್ಕುಬಂದಿ, ಸರ್ವೇ ನಂಬರು, ಕ್ಷೇತ್ರ, ಕೊಟ್ಟ ಹಣ, ಅದನ್ನು ಕೊಟ್ಟ ಬಗೆ, ಇವುಗಳಲ್ಲಿ ಒಂದಕ್ಷರವೂ ಸಂದಿಗ್ಧವಿರಬಾರದು. ಒಂದು ಸರ್ವೇ ನಂಬರಿನ ಭಾಗವನ್ನಷ್ಟೇ ಕೊಳ್ಳುವದಾದರೆ ೧೧-ಇ ನಕ್ಷೆಯನ್ನು ಮುಂಚಿತವಾಗಿ ಮಾಡಿಸಿಕೊಳ್ಳಬೇಕು. ಇಲ್ಲವಾದರೆ ನೋಂದಣಿ ಆಗುವದಿಲ್ಲ.

ಮುದ್ರಾಂಕ ಶುಲ್ಕವನ್ನು ಸರಕಾರದ ಮಾರ್ಗಸೂಚಿ ಬೆಲೆ ಮತ್ತು ಪತ್ರದಲ್ಲಿ ಬರೆದ ಬೆಲೆ ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಎಣಿಸುವರು. ಇದಲ್ಲದೆ ನೋಂದಣಿಯ ಶುಲ್ಕವಿದೆ. ಅದು ೨೦೨೫ರ ಆಗಸ್ಟ್ ೩೧ರಿಂದ ನೂರಕ್ಕೆ ೧ರ ಬದಲು ೨ ಆಗಿದೆ. ಮನೆತನದೊಳಗಿನ ವಾಟಣಿಪತ್ರ ದಾನಪತ್ರಗಳಿಗೆ ಖರೀದಿಪತ್ರಕ್ಕಿಂತ ಬಹು ಕಡಿಮೆ ಖರ್ಚು ತಗಲುವದೆಂಬದನ್ನು ಅನೇಕರು ಅರಿಯರು; ಅರಿಯದೆ ಬಾಯಿಮಾತಿನ ಪಾಲಿನಲ್ಲಿಯೇ ತೃಪ್ತರಾಗುವರು.

೨೦೨೩ರಿಂದ ಹೊಸ ಕಾವೇರಿ ವ್ಯವಸ್ಥೆ ಬಂದಿದೆ. ಪತ್ರದ ಕರಡನ್ನು ಮೊದಲೇ ಗಣಕಯಂತ್ರದಲ್ಲಿ ಕಳಿಸಿ, ಅಧಿಕಾರಿಯು ಪರಿಶೀಲಿಸಿದ ಮೇಲೆ ಶುಲ್ಕ ತುಂಬಿ, ದಿನ ಹೊತ್ತುಗಳನ್ನು ಗೊತ್ತು ಮಾಡಿಕೊಂಡು ಹೋಗಬೇಕು. ಜಿಲ್ಲೆಯೊಳಗಿನ ಯಾವ ಉಪನೋಂದಣಿ ಕಛೇರಿಗೆ ಬೇಕಾದರೂ ಹೋಗಲು ಈಗ ಅನುಕೂಲವಿದೆ. ಕೊಡುವವರೂ ಕೊಳ್ಳುವವರೂ ಸಾಕ್ಷಿಗಳೂ ಗುರುತಿನ ಚೀಟಿಯೊಡನೆ ಹಾಜರಾಗಿ, ಭಾವಚಿತ್ರ ಮತ್ತು ಹೆಬ್ಬೆಟ್ಟಿನ ಗುರುತು ಕೊಡಬೇಕು. ‘ಈ ಪತ್ರವನ್ನು ಬರೆದುಕೊಟ್ಟಿರುವದು ನಿಜವೇ?’ ಎಂದು ಅಧಿಕಾರಿಯು ಕೇಳುವದು ಬರಿಯ ಉಪಚಾರವಲ್ಲ. ಓದು ಬಾರದ ತಾಯಂದಿರು ಆ ಕ್ಷಣದಲ್ಲಿ ‘ಮೊದಲು ಓದಿ ಹೇಳಿರಿ’ ಎನ್ನಲು ಸಂಕೋಚಪಡಬಾರದು. ಮುಗುಳ್ನಗುತ್ತ ಹೆಬ್ಬೆಟ್ಟು ಒತ್ತಿಸಿಕೊಂಡ ಎಷ್ಟೋ ಪತ್ರಗಳು ಮುಂದೆ ಕಣ್ಣೀರಿಗೆ ಕಾರಣವಾಗಿವೆ.

ಪತ್ರಕ್ಕೆ ಸಹಿಯಾದ ದಿನದಿಂದ ನಾಲ್ಕು ತಿಂಗಳೊಳಗೆ ಅದನ್ನು ನೋಂದಣಿಗೆ ಹಾಜರುಪಡಿಸಬೇಕು. ತಪ್ಪಿಸಲಾಗದ ಕಾರಣವಿದ್ದರೆ ದಂಡವನ್ನು ಕೊಟ್ಟು ಮತ್ತೆ ನಾಲ್ಕು ತಿಂಗಳ ಅವಧಿಯುಂಟು. ಮೃತ್ಯುಪತ್ರಕ್ಕೆ ಈ ಅವಧಿಯ ಕಟ್ಟಿಲ್ಲ; ಅದರ ನೋಂದಣಿ ಕಡ್ಡಾಯವೂ ಅಲ್ಲ. ಆದರೂ ಇಬ್ಬರು ಸಾಕ್ಷಿಗಳೊಡನೆ ಬರೆದು ನೋಂದಾಯಿಸಿಟ್ಟರೆ ಮಕ್ಕಳೊಳಗೆ ಸಂಶಯಕ್ಕೆ ಆಸ್ಪದವಿರುವದಿಲ್ಲ.

ನೋಂದಣಿಯಾದ ಸುದ್ದಿಯು ತಾನಾಗಿಯೇ ತಹಶೀಲ್ದಾರರ ಕಛೇರಿಗೆ ಹೋಗುವದು. ಇದನ್ನು ಜೆ-ಸ್ಲಿಪ್ ಎನ್ನುವರು. ಅಲ್ಲಿ ಆಕ್ಷೇಪಣೆಗೆ ನೋಟೀಸು ಹೊರಟು, ಅವಧಿ ಮುಗಿದ ಬಳಿಕ ಪಹಣಿಯಲ್ಲಿ ಹೆಸರು ಬದಲಾಗುವದು. ಹೋಯಿತೆಂದು ನಂಬಿ ಸುಮ್ಮನಿರಬಾರದು. ಕೆಲವು ವಾರಗಳ ಮೇಲೆ ಹೊಸ ಪಹಣಿಯನ್ನು ತೆಗೆಯಿಸಿ ಕಣ್ಣಾರೆ ನೋಡಬೇಕು. ಆದೇಶವು ತಪ್ಪಾಗಿದ್ದರೆ ಉಪವಿಭಾಗಾಧಿಕಾರಿಗಳಲ್ಲಿ ಮೇಲ್ಮನವಿಗೆ ಅವಕಾಶವಿದೆ. ಒಡೆತನದ ಮೂಲಪ್ರಶ್ನೆಗೆ ಸಿವಿಲ್ ನ್ಯಾಯಾಲಯವೇ ಗತಿ.

ಪೌತಿ ಖಾತೆ ಮತ್ತು ಹೆಣ್ಣುಮಕ್ಕಳ ಪಾಲು

ಮನೆಯ ಹಿರಿಯರು ತೀರಿಕೊಂಡರೆ ಹದಿಮೂರನೆಯ ದಿನದ ಊಟವನ್ನು ತಪ್ಪದೆ ಮಾಡುತ್ತೇವೆ. ಖಾತೆಯ ಬದಲಾವಣೆಯನ್ನು ಮಾತ್ರ ಹದಿಮೂರು ವರ್ಷವಾದರೂ ಮಾಡುವದಿಲ್ಲ. ಸತ್ತವರ ಹೆಸರಿನಲ್ಲಿ ಪಹಣಿ ಇದ್ದರೆ ಬೆಳೆವಿಮೆ, ಬರಪರಿಹಾರ, ಬೆಳೆಸಾಲ ಎಲ್ಲಕ್ಕೂ ತೊಡಕಾಗುವದು. ವಾರಸಾ ಹಕ್ಕಿನಿಂದ ಬಂದ ಭೂಮಿಯ ವಿಷಯವನ್ನು ಮೂರು ತಿಂಗಳೊಳಗೆ ತಿಳಿಸಬೇಕೆಂದು ಭೂಕಂದಾಯ ಕಾಯಿದೆಯು ಹೇಳುವದು. ಮರಣದ ದಾಖಲೆ, ವಂಶಾವಳಿ, ವಾರಸುದಾರರ ಗುರುತುಪತ್ರಗಳೊಡನೆ ಅರ್ಜಿ ಕೊಡುವದೇ ಪೌತಿ ವರದಿ.

ವಂಶಾವಳಿಯಲ್ಲಿ ಹೆಣ್ಣುಮಕ್ಕಳ ಹೆಸರನ್ನು ಬಿಡುವ ದುರಭ್ಯಾಸವು ನಮ್ಮಲ್ಲಿ ಇನ್ನೂ ಇದೆ. ಇದು ಅಧರ್ಮವೂ ಅಹುದು, ಅವಿವೇಕವೂ ಅಹುದು. ಹಿಂದೂ ಅವಿಭಕ್ತ ಮನೆತನದ ಆಸ್ತಿಯಲ್ಲಿ ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಹಕ್ಕುಂಟೆಂದು ೨೦೦೫ರ ತಿದ್ದುಪಡಿಯು ಸಾರಿತು. ಆಗ ತಂದೆ ಬದುಕಿರಬೇಕೆಂಬ ನಿಯಮವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರ ಆಗಸ್ಟ್ ೧೧ರಂದು ನಿರ್ಣಯಿಸಿತು. ೨೦೦೪ರ ಡಿಸೆಂಬರ್ ೨೦ಕ್ಕೆ ಮೊದಲು ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಆದ ಪಾಲುಗಳನ್ನು ಮಾತ್ರ ಅದು ಕದಲಿಸುವದಿಲ್ಲ. ಆದಕಾರಣ ತಂಗಿಯ ಹೆಸರನ್ನು ಮುಚ್ಚಿಟ್ಟು ಮಾರಿದ ಹೊಲವು ಕೊಂಡವರಿಗೂ ಉರುಳಾಗುವದು. ಅಕ್ಕತಂಗಿಯರು ಮನಸಾರೆ ಬಿಟ್ಟುಕೊಡುವದಾದರೆ ಹಕ್ಕುಬಿಡುಗಡೆ ಪತ್ರವನ್ನು ಓದಿಸಿ ತಿಳಿಸಿ ನೋಂದಾಯಿಸಬೇಕು. ಒಂದು ಸೀರೆ, ಒಂದು ಕುಬುಸ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳುವದು ತವರಿಗೆ ಶೋಭೆಯಲ್ಲ.

ನಮ್ಮ ಸೀಮೆಗೆ ಸಲ್ಲುವ ಎಚ್ಚರಿಕೆಗಳು

೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟಿನ ನೀರು ಹರಿದ ಬಳಿಕ ಎಡದಂಡೆ ಕಾಲುವೆಯ ಕೆಳಗಿನ ಗಂಗಾವತಿ ಭಾಗವು ಬತ್ತದ ಕಣಜವಾಯಿತು. ಆಂಧ್ರದ ಕರಾವಳಿಯಿಂದ ಬಂದವರು ಹೊಲಗಳನ್ನು ಕೊಂಡು ಕ್ಯಾಂಪುಗಳನ್ನು ಕಟ್ಟಿ ನೆಲಸಿದರು. ಭೂಮಿಯು ಕೈಯಿಂದ ಕೈಗೆ ವೇಗವಾಗಿ ಹೋದ ಇಂಥ ಸ್ಥಳದಲ್ಲಿ ಕೊನೆಯ ಪತ್ರವೊಂದನ್ನೇ ನೋಡಿದರೆ ಸಾಲದು. ಮೊದಲಿನವರೆಗೆ ಕೊಂಡಿಕೊಂಡಿಯಾಗಿ ನೋಡಬೇಕು. ಕುಷ್ಟಗಿ ಯಲಬುರ್ಗಾಗಳ ಒಣಬೇಸಾಯದ ಭಾಗದಲ್ಲಿ ತೊಂದರೆ ಬೇರೆ ಬಗೆಯದು: ಅಲ್ಲಿ ಬಾಯಿಮಾತಿನ ಪಾಲುಗಳು ಮೂರು ತಲೆಮಾರುಗಳಿಂದ ನಡೆದುಬಂದು, ಪೋಡಿಯಾಗದೆ, ಹತ್ತೆಂಟು ಹೆಸರುಗಳು ಒಂದೇ ಪಹಣಿಯಲ್ಲಿ ಕೂಡಿಕೊಂಡಿರುವವು.

ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರಕಾರವು ಮಂಜೂರು ಮಾಡಿದ ಭೂಮಿಯನ್ನು ಸರಕಾರದ ಪೂರ್ವಾನುಮತಿಯಿಲ್ಲದೆ ಕೊಳ್ಳಲಾಗದು. ಕೊಂಡರೆ ೧೯೭೮ರ ಕಾಯಿದೆಯ ಮೇರೆಗೆ ವ್ಯವಹಾರವೇ ಶೂನ್ಯವಾಗುವದು; ಈ ಕಾಯಿದೆಯ ಮೊರೆಹೋಗಲು ಕಾಲಮಿತಿಯಿಲ್ಲವೆಂದು ೨೦೨೩ರ ತಿದ್ದುಪಡಿಯು ಹೇಳುವದು. ಹಾಗೆಯೇ ೧೯೭೪ರ ಭೂಸುಧಾರಣೆಯಿಂದ ಗೇಣಿದಾರರಿಗೆ ಬಂದ ಹೊಲವಾದರೆ ಭೂ ನ್ಯಾಯಮಂಡಳಿಯ ಆದೇಶವನ್ನೂ ೧೦ನೆಯ ನಮೂನೆಯ ಪತ್ರವನ್ನೂ ಕೇಳಿ ನೋಡಬೇಕು.

ಕಥೆಯ ಶೇಷ

ಇನ್ನು ಆ ತಾಯಿಯ ಹೊಲದ ಮಾತು. ವಕೀಲರು ಪ್ರಾಮಾಣಿಕರಾಗಿದ್ದರು. ನಾಲ್ವತ್ತು ವರ್ಷಗಳ ಸ್ವಾಧೀನದ ಬಲದಿಂದ ಹೋರಾಡಬಹುದು; ಗೆಲ್ಲಲೂಬಹುದು, ಸೋಲಲೂಬಹುದು; ಹತ್ತು ವರ್ಷ ಹಿಡಿದರೆ ಆಶ್ಚರ್ಯವಿಲ್ಲ ಎಂದು ಹೇಳಿದರು. ಎಂಬತ್ತರ ಅಂಚಿನಲ್ಲಿದ್ದ ಅವರಿಗೆ ಹತ್ತು ವರ್ಷ ಎಲ್ಲಿಂದ ಬರಬೇಕು? ಕೊನೆಗೆ ಊರ ಮಠದ ಕಟ್ಟೆಯ ಮೇಲೆ ಕುಳಿತು ಮಾತಾಯಿತು. ಮೊಮ್ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಕೊಟ್ಟು, ಒಮ್ಮೆ ಬಂಗಾರ ಮಾರಿ ಕೊಂಡ ಹೊಲವನ್ನು ಅವರು ಎರಡನೆಯ ಸಲ ಕೊಂಡರು. ಎರಡು ಎಕರೆಗಷ್ಟೇ ಹಣ ಸಾಕಾಯಿತು; ಉಳಿದೆರಡು ಹೋದವು.

ಈ ಸಲ ೧೧-ಇ ನಕ್ಷೆಯಾಯಿತು, ಪತ್ರವನ್ನು ಎರಡು ಸಾರಿ ಓದಿಸಿ ಕೇಳಿದರು, ಕಛೇರಿಗೆ ತಾವೇ ಬಂದರು. ಕೆಲವು ವಾರಗಳ ಮೇಲೆ ಹೊಸ ಪಹಣಿ ಬಂದಿತು. ಓದು ಬಾರದ ಅವರು ೯ನೆಯ ಕಾಲಮಿನ ಮೇಲೆ ಬೆರಳಿಡಿಸಿಕೊಂಡು, “ಇದೇನು ನನ್ನ ಹೆಸರು?” ಎಂದು ಕೇಳಿ, ಬಹಳ ಹೊತ್ತು ಆ ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. ಬಳಿಕ, “ಅವತ್ತ ಒಂದು ದಿನದ ಖರ್ಚು ಉಳಿಸಿದ್ವಿ, ತಮ್ಮಾ” ಎಂದಷ್ಟೇ ಹೇಳಿದರು.

ವಾಚಕರೇ, ಬರುವ ಅಮಾವಾಸ್ಯೆಗೆ ಎತ್ತುಗಳನ್ನು ತೊಳೆದು 

ಮನೆಯನ್ನು ಸಾರಿಸುವ ದಿನ ಅಟ್ಟದ ಗಂಟನ್ನೂ ಕೆಳಗಿಳಿಸಿರಿ. ಮನೆಯವರೆಲ್ಲರೂ, ಹೆಣ್ಣುಮಕ್ಕಳೂ ಕೂಡಿ, ಒಂದೊಂದು ಕಾಗದವನ್ನು ಬಿಚ್ಚಿ ಓದಿರಿ. ಯಾರ ಹೆಸರಿದೆ, ಯಾರ ಹೆಸರಿರಬೇಕಾಗಿದ್ದಿತು, ಯಾವ ಪತ್ರವು ನೋಂದಾಯಿತ, ಯಾವುದು ಅಲ್ಲ, ಎಂದು ಒಂದು ಹಾಳೆಯಲ್ಲಿ ಬರೆದಿಡಿರಿ. ಸಾಕ್ಷಿಗಳು ಬದುಕಿರುವಾಗ ಮಾಡಿದ ಕೆಲಸಕ್ಕೆ ಒಂದು ದಿನ ಸಾಕು. ಅವರು ಹೋದ ಮೇಲೆ ಮಾಡುವದಾದರೆ ಒಂದು ಆಯುಷ್ಯ ಸಾಲದು.